ಎರಡು ಮ್ಯಾಚ್ ಪಾಯಿಂಟ್ ಕೈಯಲ್ಲಿದ್ದೂ ಫೆಡರರ್ ಯಾಕೆ ಸೋತರು?

ಪ್ರಶ್ನೆ: ಸರ್, ನಾನು ರೋಜರ್ ಫೆಡರರ್ ಅಭಿಮಾನಿ. 2019ರ ವಿಂಬಲ್ಡನ್ ಫೈನಲ್‌ನಲ್ಲಿ ಜೊಕೊವಿಚ್ ವಿರುದ್ಧ ಐದನೇ ಸೆಟ್‌ನಲ್ಲಿ 8-7, 40-15 ಇತ್ತು. ಸರ್ವ್ ಕೂಡ ಅವರದ್ದೇ. ಆದರೂ ಸೋತರು. 2011ರ ಯುಎಸ್ ಓಪನ್ ಸೆಮಿಫೈನಲ್‌ನಲ್ಲೂ ಹೀಗೇ ಆಗಿತ್ತು. ಫೆಡರರ್‌ಗೆ ಒತ್ತಡ ತಡೆಯೋಕೆ ಆಗ್ತಿರಲಿಲ್ಲ, ಗುಂಡಿಗೆ ಗಟ್ಟಿ ಇರಲಿಲ್ಲ ಅಂತ ನನ್ನ ಸ್ನೇಹಿತ ಹೇಳ್ತಾನೆ. ನನಗೆ ಒಪ್ಪೋಕೆ ಆಗ್ತಿಲ್ಲ. ಇನ್ನೊಂದು ವಿಷಯ. ನಾನೂ ಕ್ಲಬ್‌ನಲ್ಲಿ ವಾರಕ್ಕೆ ಮೂರು ದಿನ ಆಡ್ತೀನಿ. ಬೇರೆಯವರ ಹತ್ತಿರ 5-2 ಇದ್ರೆ ಗೆದ್ದೇ ಬಿಡ್ತೀನಿ. ಈ ಸ್ನೇಹಿತನ ಹತ್ತಿರ ಮಾತ್ರ 5-2 ಇದ್ದಿದ್ದು 5-7 ಆಗುತ್ತೆ. ಯಾಕೆ ಹೀಗೆ?

ಉತ್ತರ: 2019ರ ಜುಲೈ 14ನ್ನು ನಾನೂ ಮರೆತಿಲ್ಲ. ಅದೇ ಭಾನುವಾರ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್, ನ್ಯೂಜಿಲೆಂಡ್ ನಡುವಿನ ವಿಶ್ವಕಪ್ ಫೈನಲ್ ಸೂಪರ್ ಓವರ್‌ವರೆಗೆ ಹೋಗಿತ್ತು. ರಿಮೋಟ್ ಹಿಡಿದು ಆ ಚಾನೆಲ್‌ಗೂ ಈ ಚಾನೆಲ್‌ಗೂ ಓಡಾಡಿದ ಸಂಜೆ ಅದು. ಫೆಡರರ್ 40-15ಕ್ಕೆ ಬಂದಾಗ ಸೆಂಟರ್ ಕೋರ್ಟ್ ಪೂರ್ತಿ ಎದ್ದು ನಿಂತ ಹಾಗಿತ್ತು. ಇನ್ನೊಂದೇ ಒಂದು ಪಾಯಿಂಟ್ ಗೆದ್ದರೆ ಪಂದ್ಯ ಅವರದ್ದು, ಅದಕ್ಕೆ ಎರಡು ಅವಕಾಶ. ಮ್ಯಾಚ್ ಪಾಯಿಂಟ್ ಅಂದರೆ ಇದೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಿಮ್ಮ ಸ್ನೇಹಿತರ ಮಾತನ್ನು ಮೊದಲು ನೋಡೋಣ. ನಾನು ಅದನ್ನು ಒಪ್ಪುವುದಿಲ್ಲ. ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಮೊದಲ ಎರಡು ಸೆಟ್ ಗೆದ್ದ ಮೇಲೆ ಫೆಡರರ್ 2011ರ ವಿಂಬಲ್ಡನ್‌ವರೆಗೆ ಒಂದೇ ಒಂದು ಪಂದ್ಯವನ್ನೂ ಬಿಟ್ಟುಕೊಟ್ಟಿರಲಿಲ್ಲ. ಅಂಥ 178 ಪಂದ್ಯ, 178 ಗೆಲುವು. ಆಮೇಲೆ ಫ್ರಾನ್ಸ್‌ನ ತ್ಸೋಂಗಾ ಆ ದಾಖಲೆ ಮುರಿದರು. ಗುಂಡಿಗೆ ಗಟ್ಟಿ ಇಲ್ಲದವರು ಹೀಗೆ ಆಡೋಕೆ ಆಗುತ್ತಾ? ಜೊಕೊವಿಚ್ ಮುಂದೆ ಮಾತ್ರ ಹೆದರುತ್ತಿದ್ದರು ಅನ್ನೋಣವೇ? ಅದೂ ಸರಿಯಲ್ಲ. 2011ರ ಫ್ರೆಂಚ್ ಓಪನ್ ಸೆಮಿಫೈನಲ್ ನೆನಪು ಮಾಡಿಕೊಳ್ಳಿ. ಜೊಕೊವಿಚ್ ಆ ವರ್ಷ ಒಂದೂ ಪಂದ್ಯ ಸೋಲದೆ ಪ್ಯಾರಿಸ್‌ಗೆ ಬಂದಿದ್ದರು. ಫೆಡರರ್ ಎರಡು ಸೆಟ್ ಮುಂದೆ ಹೋದರು, ಮೂರನೆಯದು ಸೋತರು. ನಾಲ್ಕನೆಯದರಲ್ಲಿ ಹಿಂದೆ ಬಿದ್ದು, ಮತ್ತೆ ಸಮ ಮಾಡಿ, ಟೈಬ್ರೇಕ್‌ನಲ್ಲಿ (ಸೆಟ್ ಸಮವಾದಾಗ ಆಡುವ ನಿರ್ಣಾಯಕ ಗೇಮ್) ಮುಗಿಸಿದರು. ಅದೇ ಮನುಷ್ಯ, ಅದೇ ಎದುರಾಳಿ, ಅದೇ ವರ್ಷ.

ಹಾಗಾದರೆ ಏನಾಯಿತು? ನನ್ನ ಪ್ರಕಾರ ನಾವು ಕೇಳುವ ಪ್ರಶ್ನೆಯೇ ಸ್ವಲ್ಪ ತಪ್ಪು. ಮುನ್ನಡೆಯನ್ನು ಯಾಕೆ ಉಳಿಸಿಕೊಳ್ಳಲಿಲ್ಲ ಅಂತ ಕೇಳುತ್ತೇವೆ. ಟೆನಿಸ್‌ನಲ್ಲಿ ಮುನ್ನಡೆಯನ್ನು ಉಳಿಸಿಕೊಳ್ಳೋಕೆ ದಾರಿಯೇ ಇಲ್ಲ.

ಕಬಡ್ಡಿ ನೋಡಿ. ಕೊನೆಯ ಮೂರು ನಿಮಿಷ, ಐದು ಪಾಯಿಂಟ್ ಮುಂದೆ ಇದ್ದೀರಿ. ರೈಡರ್ ಹೋಗ್ತಾನೆ, ಬಾಕ್ ಲೈನ್ ಮುಟ್ಟಿ ಮೂವತ್ತು ಸೆಕೆಂಡ್ ಕಳೆದು ಖಾಲಿ ಕೈಯಲ್ಲಿ ವಾಪಸ್ ಬರ್ತಾನೆ. ಪಾಯಿಂಟ್ ಬರದಿದ್ದರೂ ಪರವಾಗಿಲ್ಲ, ಗಡಿಯಾರ ನಿಮ್ಮ ಪರ ಆಡುತ್ತಿರುತ್ತದೆ. ಫುಟ್‌ಬಾಲ್‌ನಲ್ಲೂ ಅಷ್ಟೇ. ಕ್ರಿಕೆಟ್‌ನಲ್ಲಿ ಓವರ್ ಮುಗಿಯುತ್ತವೆ. ಟೆನಿಸ್‌ನಲ್ಲಿ ಮುಗಿಯುವಂಥದ್ದು ಏನೂ ಇಲ್ಲ. ಕೊನೆಯ ಪಾಯಿಂಟನ್ನು ನೀವೇ ಗೆಲ್ಲಬೇಕು. ಅದನ್ನು ಗೆಲ್ಲುವವರೆಗೆ ಎದುರಿನವನು ಪಂದ್ಯದಲ್ಲಿ ಇದ್ದೇ ಇರುತ್ತಾನೆ. ಕಾಯ್ದುಕೊಳ್ಳೋಣ ಅಂತ ನಿಂತರೆ ಕಾಯೋಕೆ ಅಲ್ಲಿ ಏನೂ ಇಲ್ಲ.

ಇನ್ನೂ ಒಂದು ಇದೆ. ಗೆದ್ದ ಪಾಯಿಂಟ್‌ಗಳು ಎಲ್ಲೂ ಕೂಡಿಟ್ಟಿರುವುದಿಲ್ಲ. 6-1ರಲ್ಲಿ ಗೆದ್ದ ಸೆಟ್ಟೂ ಒಂದೇ, 7-6ರಲ್ಲಿ ಗೆದ್ದ ಸೆಟ್ಟೂ ಒಂದೇ. ಆ ವಿಂಬಲ್ಡನ್ ಫೈನಲ್‌ನ ಲೆಕ್ಕ ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ ಗೆದ್ದದ್ದು 204. ವಿನ್ನರ್‌ಗಳು, ಅಂದರೆ ನೇರವಾಗಿ ಪಾಯಿಂಟ್ ತಂದ ಹೊಡೆತಗಳು, 94ಕ್ಕೆ 54. ಏಸ್‌ಗಳು, ಅಂದರೆ ಎದುರಾಳಿಗೆ ಮುಟ್ಟೋಕೂ ಆಗದ ಸರ್ವ್‌ಗಳು, 25ಕ್ಕೆ 10. ಸರ್ವ್ ಮುರಿದದ್ದು, ಅಂದರೆ ಎದುರಾಳಿ ಸರ್ವ್ ಮಾಡಿದ ಗೇಮ್ ಗೆದ್ದದ್ದು, 7 ಸಲಕ್ಕೆ 3 ಸಲ. ಎಲ್ಲದರಲ್ಲೂ ಫೆಡರರ್ ಮುಂದೆ. ಆದರೆ ಸ್ಕೋರ್ ಜೊಕೊವಿಚ್ ಪರ: 7-6, 1-6, 7-6, 4-6, 13-12. ಸೋತ ಮೂರೂ ಸೆಟ್ ಟೈಬ್ರೇಕ್‌ನಲ್ಲಿ ಹೋದವು. ನಾಲ್ಕು ಗಂಟೆ 57 ನಿಮಿಷ ಆಡಿದ ಮೇಲೆ!

ಈಗ ಆ 40-15ಕ್ಕೆ ಬರೋಣ. ಇಲ್ಲಿ ಸಣ್ಣ ಲೆಕ್ಕ ಒಂದು ಮಾಡಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಒಬ್ಬ ಆಟಗಾರ ತನ್ನ ಸರ್ವ್‌ನಲ್ಲಿ ನೂರಕ್ಕೆ 70 ಪಾಯಿಂಟ್ ಗೆಲ್ಲುತ್ತಾನೆ ಅಂದುಕೊಳ್ಳಿ. ಅವನು 40-15ರಲ್ಲಿ ಎರಡು ಮ್ಯಾಚ್ ಪಾಯಿಂಟನ್ನೂ ಕಳೆದುಕೊಳ್ಳುವುದು ಸುಮಾರು ಹನ್ನೊಂದು ಸಲದಲ್ಲಿ ಒಂದು ಸಲ. ಈಗ ಎದುರಿಗೆ ರಿಟರ್ನ್‌ನಲ್ಲಿ, ಅಂದರೆ ಸರ್ವನ್ನು ವಾಪಸ್ ಹೊಡೆಯುವುದರಲ್ಲಿ, ಬಹಳ ಗಟ್ಟಿಯಾದವನು ಬಂದ. ಅವನ ಎದುರು ಇವನ ಸರ್ವ್‌ಗೆ ನೂರಕ್ಕೆ 55 ಪಾಯಿಂಟ್ ಮಾತ್ರ ಸಿಗುತ್ತವೆ. ಆಗ ಎರಡನ್ನೂ ಕಳೆದುಕೊಳ್ಳುವುದು ಐದು ಸಲದಲ್ಲಿ ಒಂದು ಸಲ. ಬೋರ್ಡ್ ಮೇಲಿನ ಸ್ಕೋರ್ ಎರಡು ಕಡೆಯೂ ಅದೇ 40-15. ಆದರೆ ಎರಡನೆಯ ಮುನ್ನಡೆ ಮೊದಲನೆಯದರ ಅರ್ಧದಷ್ಟೂ ಗಟ್ಟಿ ಇಲ್ಲ. ಒಂದೇ ಸ್ಕೋರ್ ಎದುರಾಳಿಯಿಂದ ಎದುರಾಳಿಗೆ ಬೇರೆ ಬೇರೆ ತೂಕದ್ದಾಗಿರುತ್ತದೆ. ನಿಮ್ಮ 5-2ರ ಕಥೆಗೂ ಉತ್ತರ ಇಲ್ಲೇ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಫೆಡರರ್ ಪಂದ್ಯ ಮುಗಿಸುತ್ತಿದ್ದ ರೀತಿ ನೆನಪಿದೆಯಲ್ಲ? ಕೋರ್ಟ್‌ನ ಮೂಲೆಗೆ ಸರ್ವ್. ರಿಟರ್ನ್ ಅರ್ಧ ದಾರಿಗೆ ಬಂದು ಬೀಳುತ್ತಿತ್ತು. ಒಂದೆಜ್ಜೆ ಮುಂದೆ ಬಂದು ಫೋರ್‌ಹ್ಯಾಂಡ್. ಮುಗೀತು. ಎರಡು ಹೊಡೆತದ ಆಟ. ಉಳಿದ ಹೆಚ್ಚಿನವರ ಎದುರು ಇದು ನಡೆಯಿತು. ಜೊಕೊವಿಚ್ ಕೆಡಿಸಿದ್ದು ಇದನ್ನೇ. ಅವರು ಬೇಸ್‌ಲೈನ್ ಹತ್ತಿರವೇ ನಿಂತು, ಕಾಲು ಚಾಚಿ, ಬಂದ ಸರ್ವನ್ನು ಸರ್ವ್ ಮಾಡಿದವನ ಕಾಲ ಬುಡಕ್ಕೇ ವಾಪಸ್ ಕಳಿಸುತ್ತಾರೆ. ಮುಂದೆ ಬಂದು ಹೊಡೆಯಬೇಕಾದ ಚೆಂಡನ್ನು ಹಿಂದೆ ವಾಲಿ ಹೊಡೆಯಬೇಕಾಗುತ್ತದೆ. ಅಲ್ಲಿಗೆ ಮೊದಲ ಫೋರ್‌ಹ್ಯಾಂಡ್‌ನ ಹರಿತ ಹೋಯಿತು. ಪಂದ್ಯ ಮುಗಿಸೋಕೆ ನೀವು ನಂಬಿಕೊಂಡ ಅಸ್ತ್ರವನ್ನೇ ಕಿತ್ತುಕೊಳ್ಳುವ ಎದುರಾಳಿ ಅವರು.

ಮೂರು ಪಂದ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2010ರ ಯುಎಸ್ ಓಪನ್ ಸೆಮಿಫೈನಲ್. ಐದನೇ ಸೆಟ್‌ನಲ್ಲಿ ಫೆಡರರ್ 5-4 ಮುಂದೆ. ಜೊಕೊವಿಚ್ ಸರ್ವ್‌ನಲ್ಲಿ 15-40. ಎರಡು ಮ್ಯಾಚ್ ಪಾಯಿಂಟ್. ಎರಡನ್ನೂ ಜೊಕೊವಿಚ್ ಫೋರ್‌ಹ್ಯಾಂಡ್ ವಿನ್ನರ್‌ಗಳಿಂದ ಉಳಿಸಿಕೊಂಡರು, 7-5ರಲ್ಲಿ ಗೆದ್ದರು. ಅಲ್ಲಿ ಫೆಡರರ್ ಏನು ತಪ್ಪು ಮಾಡಿದರು ಹೇಳಿ? ಏನೂ ಇಲ್ಲ.

2011, ಅದೇ ಕೋರ್ಟ್, ಅದೇ ಸುತ್ತು. ಫೆಡರರ್ ಎರಡು ಸೆಟ್ ಗೆದ್ದಿದ್ದರು, ಮುಂದಿನ ಎರಡು ಸೋತಿದ್ದರು. ಐದನೆಯದರಲ್ಲಿ 5-3, 40-15, ಸ್ವಂತ ಸರ್ವ್. ಅಗಲಕ್ಕೆ ಒಳ್ಳೆಯ ಮೊದಲ ಸರ್ವ್ ಹಾಕಿದರು. ಜೊಕೊವಿಚ್ ತೋಳು ಪೂರ್ತಿ ಬೀಸಿ ಕ್ರಾಸ್‌ಕೋರ್ಟ್ (ಕೋರ್ಟ್‌ನ ಓರೆಗೆ) ಹೊಡೆದರು. ಚೆಂಡು ಫೆಡರರ್ ಕಣ್ಣು ಮಿಟುಕಿಸುವುದರೊಳಗೆ ಹೋಗಿತ್ತು. ಆಮೇಲೆ ಜೊಕೊವಿಚ್ ಕೈ ಎತ್ತಿ ಜನರ ಕಡೆ ನೋಡಿದರು. ಎರಡನೇ ಮ್ಯಾಚ್ ಪಾಯಿಂಟ್‌ನಲ್ಲಿ ಫೆಡರರ್ ಫೋರ್‌ಹ್ಯಾಂಡ್ ನೆಟ್‌ನ ಅಂಚಿಗೆ ತಾಗಿ ಹೊರಗೆ ಬಿತ್ತು. ಅಲ್ಲಿಂದ ಒಂದೂ ಗೇಮ್ ಸಿಗಲಿಲ್ಲ, 5-7. ಗೆಲ್ಲುವ ನಂಬಿಕೆ ಉಳಿದಿರುವವರು ಅಂಥ ಹೊಡೆತ ಹೊಡೆಯಲ್ಲ ಅನ್ನುವ ಅರ್ಥದಲ್ಲಿ ಫೆಡರರ್ ಪಂದ್ಯದ ನಂತರ ಬೇಸರದಿಂದ ಮಾತಾಡಿದರು. ಅವರ ನೋವು ಅರ್ಥವಾಗುತ್ತದೆ. ಆದರೆ ಆ ಮಾತಿನಲ್ಲೇ ಒಂದು ಸತ್ಯ ಇದೆ. ಹಿಂದೆ ಬಿದ್ದವನಿಗೆ ಆ ಕ್ಷಣದಲ್ಲಿ ಕಳೆದುಕೊಳ್ಳೋಕೆ ಏನೂ ಇರಲ್ಲ. ತೋಳು ಹಗುರ ಆಗುತ್ತದೆ. ಮುಂದೆ ಇರುವವನ ತೋಳಿನ ಮೇಲೆ ಇಡೀ ಪಂದ್ಯ ಕೂತಿರುತ್ತದೆ.

2019. ಫೆಡರರ್ ಮೊದಲ ಮ್ಯಾಚ್ ಪಾಯಿಂಟ್‌ನಲ್ಲಿ ಫೋರ್‌ಹ್ಯಾಂಡ್ ಹೊರಗೆ ಹೊಡೆದರು. ಎರಡನೆಯದರಲ್ಲಿ ನೆಟ್‌ಗೆ ಬಂದರು. ಧೈರ್ಯ ಇಲ್ಲದವರು ಆ ಸ್ಕೋರ್‌ನಲ್ಲಿ ನೆಟ್‌ಗೆ ಬರಲ್ಲ. ಆದರೆ ಮುಂದೆ ಬರುವಾಗ ಹೊಡೆದ ಚೆಂಡಿಗೆ ಭಾರ ಸಾಲಲಿಲ್ಲ. ಜೊಕೊವಿಚ್ ಚೆಂಡನ್ನು ಕ್ರಾಸ್‌ಕೋರ್ಟ್ ಹೊಡೆದು ಅವರನ್ನು ದಾಟಿಸಿದರು. 94 ವಿನ್ನರ್ ಹೊಡೆದ ಕೈ ಆ ಎರಡು ಪಾಯಿಂಟ್‌ನಲ್ಲಿ ಒಂದು ಕೂದಲೆಳೆಯಷ್ಟು ಹಿಂದೆ ಸರಿಯಿತು ಅಂತ ನನಗೆ ಅನಿಸುತ್ತದೆ. ಒತ್ತಡ ಇತ್ತು, ಅದನ್ನು ಅಲ್ಲಗಳೆಯಲ್ಲ. ಆದರೆ ಬೇರೆ ಹೆಚ್ಚಿನವರ ಎದುರು ಆ ಕೂದಲೆಳೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಜೊಕೊವಿಚ್ ಎದುರು ಬಂತು.

ಒತ್ತಡದಲ್ಲಿ ಕೈ ಯಾಕೆ ಹಿಂದೆ ಸರಿಯುತ್ತದೆ ಅಂತ ಹೇಳಬೇಕಲ್ಲ. ಎದೆ ಬಡಿತ ಜಾಸ್ತಿಯಾದಾಗ ನಾವು ಮೊದಲು ಬಿಗಿ ಮಾಡುವುದು ಬೆರಳುಗಳನ್ನು. ಗ್ರಿಪ್ ಬಿಗಿಯಾದರೆ ಮಣಿಕಟ್ಟು ಬಿಗಿ, ಮಣಿಕಟ್ಟು ಬಿಗಿಯಾದರೆ ಭುಜ ಬಿಗಿ. ಪೂರ್ತಿ ಬೀಸಬೇಕಾದ ತೋಳು ಅರ್ಧಕ್ಕೆ ನಿಲ್ಲುತ್ತದೆ. ಚೆಂಡಿಗೆ ತಿರುಗು (ಸ್ಪಿನ್) ಸಿಗಲ್ಲ. ಆಗ ಅದು ಗಿಡ್ಡ ಬೀಳುತ್ತದೆ, ಇಲ್ಲ ತೇಲಿ ಹೊರಗೆ ಹೋಗುತ್ತದೆ. ಎರಡನೇ ಸರ್ವ್‌ಗೆ ಇದರ ಏಟು ಎಲ್ಲಕ್ಕಿಂತ ಹೆಚ್ಚು, ಯಾಕೆಂದರೆ ಆ ಸರ್ವ್ ನಿಂತಿರುವುದೇ ತಿರುಗಿನ ಮೇಲೆ. ಕಾಲೂ ನಿಲ್ಲುತ್ತದೆ. ಸಣ್ಣ ಸಣ್ಣ ಹೆಜ್ಜೆ ಬಿಟ್ಟು ಕೈ ಚಾಚೋಕೆ ಶುರು ಮಾಡ್ತೀವಿ. ಇದಕ್ಕೂ ಹೇಡಿತನಕ್ಕೂ ಸಂಬಂಧ ಇಲ್ಲ. ಇದು ಮೈಯ ಕೆಲಸ.

ಇದರ ಅತ್ಯಂತ ನೋವಿನ ಚಿತ್ರ ಅಂದರೆ 1993ರ ವಿಂಬಲ್ಡನ್ ಫೈನಲ್. ಯಾನಾ ನೊವೊಟ್ನಾ ಮೂರನೇ ಸೆಟ್‌ನಲ್ಲಿ ಸ್ಟೆಫಿ ಗ್ರಾಫ್ ವಿರುದ್ಧ 4-1 ಮುಂದಿದ್ದರು. ಸರ್ವ್ ಅವರದ್ದು, 40-30. ಆ ಪಾಯಿಂಟ್ ಗೆದ್ದಿದ್ದರೆ 5-1. ಡಬಲ್ ಫಾಲ್ಟ್ ಆಯಿತು, ಅಂದರೆ ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋಯಿತು. ಆಮೇಲೆ ಒಂದೂ ಗೇಮ್ ಬರಲಿಲ್ಲ, 4-6ರಲ್ಲಿ ಸೋತರು. ಬಹುಮಾನ ಕೊಡುವಾಗ ಡಚೆಸ್ ಆಫ್ ಕೆಂಟ್ ಅವರ ಭುಜಕ್ಕೆ ಒರಗಿ ಅತ್ತದ್ದು ಎಷ್ಟೋ ಜನರಿಗೆ ನೆನಪಿರಬಹುದು. ಎರಡು ವರ್ಷ ಕಳೆದು ಫ್ರೆಂಚ್ ಓಪನ್‌ನಲ್ಲಿ ಚಾಂಡಾ ರೂಬಿನ್ ವಿರುದ್ಧ ಮೂರನೇ ಸೆಟ್‌ನಲ್ಲಿ 5-0, 40-0 ಇದ್ದೂ ಸೋತರು. ಒಂಬತ್ತು ಮ್ಯಾಚ್ ಪಾಯಿಂಟ್ ಕೈಬಿಟ್ಟವು. ಜನ ಏನೇನೋ ಅಂದರು. ಅವರು 1998ರಲ್ಲಿ ಮತ್ತೆ ವಿಂಬಲ್ಡನ್ ಫೈನಲ್‌ಗೆ ಬಂದು ಫ್ರಾನ್ಸ್‌ನ ನತಾಲಿ ತೌಜಿಯಾ ವಿರುದ್ಧ 6-4, 7-6ರಲ್ಲಿ ಗೆದ್ದರು. ಒಬ್ಬರ ಮೇಲೆ "ಗುಂಡಿಗೆ ಇಲ್ಲ" ಅನ್ನುವ ಹಣೆಪಟ್ಟಿ ಅಂಟಿಸುವ ಮೊದಲು ನಾನು ಅವರನ್ನು ನೆನೆಯುತ್ತೇನೆ.

ನೊವೊಟ್ನಾ ಮತ್ತು ಫೆಡರರ್ ಇಬ್ಬರ ವಿಷಯದಲ್ಲೂ ಒಂದು ಸಣ್ಣ ಸಂಗತಿಯನ್ನು ಹೆಚ್ಚಿನವರು ಗಮನಿಸಲ್ಲ. 4-1 ಅಂದರೆ ಐದು ಗೇಮ್. 8-7 ಅಂದರೆ ಹದಿನೈದು. ಎರಡೂ ಬೆಸ ಸಂಖ್ಯೆ. ಅಂದರೆ ಅಲ್ಲಿ ಬದಿ ಬದಲಾಗುತ್ತದೆ, ಆಟಗಾರ ಕುರ್ಚಿಯಲ್ಲಿ ಕೂರುತ್ತಾನೆ. ಟವೆಲ್, ನೀರು, ಒಂದೂವರೆ ನಿಮಿಷ. ಓಡುತ್ತಿದ್ದ ಮೈ ಸುಮ್ನೆ ಕೂತಾಗ ಮನಸ್ಸು ಓಡೋಕೆ ಶುರು ಮಾಡುತ್ತದೆ. "ಇನ್ನು ಒಂದೇ ಗೇಮ್" ಅನ್ನುವ ಯೋಚನೆ ಹುಟ್ಟುವುದು ಅಲ್ಲೇ. ನಾನು ಕಲಿಸುವ ಮಕ್ಕಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಕೂತಾಗ ಗೆದ್ದ ಮುಖ, ಎದ್ದು ಬಂದಾಗ ಬೇರೆಯದೇ ಮುಖ. ನಿಮ್ಮ 5-2 ಕೂಡ ಏಳು ಗೇಮ್, ನೀವೂ ಅಲ್ಲಿ ಕೂರುತ್ತೀರಿ.

ಹಾಗಾದರೆ ಇದಕ್ಕೆ ಮದ್ದು ಏನು? "ಮನಸ್ಸು ಗಟ್ಟಿ ಮಾಡ್ಕೋ" ಅನ್ನುವುದು ಯಾರಿಗೂ ಯಾವತ್ತೂ ಉಪಯೋಗಕ್ಕೆ ಬಂದಿಲ್ಲ. ಮದ್ದು ಪಂದ್ಯಕ್ಕೆ ಮುಂಚೆ, ಅಭ್ಯಾಸದ ಅಂಗಳದಲ್ಲಿ ಇದೆ. ಫೆಡರರ್ ಜೀವನದಲ್ಲೇ ಇದಕ್ಕೆ ಉದಾಹರಣೆ ಇದೆ. ನಡಾಲ್ ವರ್ಷಗಟ್ಟಲೆ ಎತ್ತರಕ್ಕೆ ಪುಟಿಯುವ ಎಡಗೈ ಫೋರ್‌ಹ್ಯಾಂಡ್‌ನಿಂದ ಫೆಡರರ್‌ನ ಒಂಟಿಗೈ ಬ್ಯಾಕ್‌ಹ್ಯಾಂಡನ್ನು ಭುಜದ ಎತ್ತರದಲ್ಲಿ ಸಿಕ್ಕಿಸಿ ಹಾಕುತ್ತಿದ್ದರು. ಫೆಡರರ್ ದೊಡ್ಡ ತಲೆಯ ರಾಕೆಟ್‌ಗೆ ಬದಲಾದರು. ಚೆಂಡು ಮೇಲೇಳುವ ಮೊದಲೇ ಬ್ಯಾಕ್‌ಹ್ಯಾಂಡ್ ಹೊಡೆಯೋಕೆ ರೂಢಿ ಮಾಡಿಕೊಂಡರು. 2017ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನ ಐದನೇ ಸೆಟ್‌ನಲ್ಲಿ ನಡಾಲ್ 3-1 ಮುಂದಿದ್ದರು. ಅಲ್ಲಿಂದ ಫೆಡರರ್ ಸತತ ಐದು ಗೇಮ್ ಗೆದ್ದು 6-3ರಲ್ಲಿ ಮುಗಿಸಿದರು. ಈ ಸಲ ಮುನ್ನಡೆ ಕೈಜಾರಿದ್ದು ನಡಾಲ್‌ಗೆ! ನಡಾಲ್‌ಗೆ ಗುಂಡಿಗೆ ಇಲ್ಲ ಅಂತ ಯಾರಾದರೂ ಹೇಳ್ತಾರಾ? ಅವರ ಹಳೆಯ ಅಸ್ತ್ರ ಆ ರಾತ್ರಿ ನಡೆಯಲಿಲ್ಲ, ಅಷ್ಟೇ.

ಹೊಸ ತಲೆಮಾರಿನಿಂದಲೂ ಒಂದು ಹೇಳ್ತೀನಿ. 2025ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸಿನ್ನರ್ ಎರಡು ಸೆಟ್‌ಗೆ ಒಂದು ಮುಂದಿದ್ದರು. ನಾಲ್ಕನೇ ಸೆಟ್‌ನಲ್ಲಿ 5-3, ಅಲ್ಕರಾಜ್ ಸರ್ವ್‌ನಲ್ಲಿ 0-40. ಮೂರು ಮ್ಯಾಚ್ ಪಾಯಿಂಟ್ ಹೋದವು. ಮುಂದಿನ ಗೇಮ್‌ನಲ್ಲಿ ತಾನೇ ಸರ್ವ್ ಮಾಡಿ ಮುಗಿಸುವ ಅವಕಾಶವೂ ಹೋಯಿತು. ಐದು ಗಂಟೆ 29 ನಿಮಿಷದ ನಂತರ ಸೋತರು. ಸರಿಯಾಗಿ ಐದು ವಾರಕ್ಕೆ ವಿಂಬಲ್ಡನ್ ಫೈನಲ್, ಅದೇ ಅಲ್ಕರಾಜ್. ನಾಲ್ಕನೇ ಸೆಟ್‌ನಲ್ಲಿ ಸಿನ್ನರ್ 4-3 ಮುಂದೆ, ತಮ್ಮದೇ ಸರ್ವ್‌ನಲ್ಲಿ 15-40, ಗೇಮ್ ಕಳೆದುಕೊಳ್ಳುವ ಎರಡು ಪಾಯಿಂಟ್ ಎದುರಿಗೆ. ಪ್ಯಾರಿಸ್ ಮತ್ತೆ ಬರುತ್ತದೆ ಅಂತ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಎರಡನ್ನೂ ಉಳಿಸಿಕೊಂಡರು, 6-4ರಲ್ಲಿ ಕಪ್ ಎತ್ತಿದರು. ಐದು ವಾರದಲ್ಲಿ ಯಾರ ಗುಂಡಿಗೆಯೂ ಬದಲಾಗಲ್ಲ. ಕೋರ್ಟ್ ಬದಲಾಗಿತ್ತು. ಪ್ಯಾರಿಸ್‌ನ ನಿಧಾನದ ಮಣ್ಣಿನ ಮೇಲೆ ಅಲ್ಕರಾಜ್‌ಗೆ ತಲುಪೋಕೆ ಸಿಗುತ್ತಿದ್ದ ಚೆಂಡುಗಳು ಹುಲ್ಲಿನ ಮೇಲೆ ಜಾರಿ ಮುಂದೆ ಹೋಗುತ್ತಿದ್ದವು. ಮುಗಿಸುವ ಹೊಡೆತಕ್ಕೆ ಬೆಲೆ ಸಿಕ್ಕಿತು.

ಈಗ ನಿಮ್ಮ ಆಟ. ನಿಮ್ಮ ಸ್ನೇಹಿತರ ಹತ್ತಿರ ಮಾತ್ರ ಹೀಗಾಗುತ್ತದೆ ಅಂದಿರಿ. ಆ "ಮಾತ್ರ" ಅನ್ನುವ ಮಾತು ಬಹಳ ಮುಖ್ಯ. ಸಮಸ್ಯೆ ನಿಮ್ಮ ಸ್ವಭಾವದ್ದಾಗಿದ್ದರೆ ಎಲ್ಲರ ಹತ್ತಿರವೂ ಆಗಬೇಕಿತ್ತು, ಅಲ್ವಾ? ಹಾಗಾಗಿ ಅವರ ಆಟ ನೋಡಿ. 5-2 ಆದ ಮೇಲೆ ಅವರು ಏನು ಬದಲಾಯಿಸುತ್ತಾರೆ? ನಿಮ್ಮ ಎರಡನೇ ಸರ್ವ್‌ಗೆ ಎರಡು ಹೆಜ್ಜೆ ಮುಂದೆ ಬಂದು ನಿಲ್ಲುತ್ತಾರಾ? ಎಲ್ಲ ಚೆಂಡನ್ನೂ ಎತ್ತರಕ್ಕೆ ಎತ್ತಿ ಹಾಕಿ ನೀವೇ ತಪ್ಪು ಮಾಡಲಿ ಅಂತ ಕಾಯುತ್ತಾರಾ? ಕ್ಲಬ್ ಆಟದಲ್ಲಿ ನಾನು ಹೆಚ್ಚಾಗಿ ನೋಡುವುದು ಈ ಎರಡನೆಯದನ್ನು. ಬೇರೆಯವರು ನಿಮ್ಮ ಗಟ್ಟಿ ಹೊಡೆತಕ್ಕೆ ಸೋಲುತ್ತಾರೆ, ಇವರು ಅದನ್ನು ಸುಮ್ನೆ ವಾಪಸ್ ಹಾಕುತ್ತಾರೆ.

ಗೇಮ್ ಎಣಿಸಬೇಡಿ, ಬ್ರೇಕ್ (ಸರ್ವ್ ಮುರಿದದ್ದು) ಎಣಿಸಿ. ಕ್ಲಬ್ ಮಟ್ಟದಲ್ಲಿ ಸರ್ವ್ ಮುರಿಯುವುದು ದೊಡ್ಡ ವಿಷಯವಲ್ಲ. ಹಾಗಾಗಿ ನಿಮ್ಮ 5-2 ನೀವು ಅಂದುಕೊಂಡಷ್ಟು ದೊಡ್ಡ ಮುನ್ನಡೆ ಆಗಿರದೇ ಇರಬಹುದು. ಬಿಸಿಲಿನ ಕಡೆ ಮುಖ ಮಾಡಿ ಸರ್ವ್ ಮಾಡುವ ಗೇಮ್ ನಿಮಗೆ ಅಲ್ಲಿ ಬರುತ್ತಿದೆಯಾ, ಅದನ್ನೂ ನೋಡಿ. ಸಂಜೆ ಐದರ ಆಟದಲ್ಲಿ ಎಷ್ಟೋ ಜನರ "ಒತ್ತಡ" ನಿಜವಾಗಿ ಸೂರ್ಯ.

ಇನ್ನು ಅಭ್ಯಾಸ. ವಾರದ ಮೂರು ದಿನದಲ್ಲಿ ಒಂದು ದಿನ ಪೂರ್ತಿ ಪಂದ್ಯ ಬಿಟ್ಟುಬಿಡಿ. 5-2ರಿಂದಲೇ ಶುರು ಮಾಡಿ, ಸರ್ವ್ ನಿಮ್ಮದು. ಹತ್ತು ಸಲ ಆಡಿ. ಆ ಸ್ನೇಹಿತರ ಜೊತೆಯೇ ಆಡಿ. ಪ್ರತಿ ಸಲ ಕುರ್ಚಿಯಲ್ಲಿ ಕೂತು, ಎದ್ದು ಬಂದು ಶುರು ಮಾಡಿ. ಏಳುವ ಮೊದಲು ಒಂದೇ ವಿಷಯ ತೀರ್ಮಾನ ಮಾಡಿಕೊಳ್ಳಿ: ಮೊದಲ ಸರ್ವ್ ಎಲ್ಲಿಗೆ. ಮೂಲೆಗೆ ಹಾಕಿ ಹಾಕಿ ಅವರಿಗೆ ರೂಢಿಯಾಗಿದ್ದರೆ ಮೈಮೇಲೆ ಹಾಕಿ. ಗ್ರಿಪ್ ಬಿಗಿಯಾಯಿತು ಅನಿಸಿದರೆ ಉಸಿರು ಬಿಟ್ಟು, ರಾಕೆಟನ್ನು ಎಡಗೈಗೆ ಕೊಟ್ಟು, ಬೆರಳು ಬಿಡಿಸಿ. ಹೊಡೆತವನ್ನು ಮೆಲ್ಲಗೆ ಮಾಡಬೇಡಿ. ಗುರಿಯನ್ನು ಗೆರೆಯಿಂದ ಒಂದು ಮಾರು ಒಳಗೆ ತನ್ನಿ, ತೋಳನ್ನು ಮಾತ್ರ ಪೂರ್ತಿ ಬೀಸಿ.

5-2 ಹೋಗಿ 5-4 ಆದರೂ ಪಂದ್ಯ ಮುಗಿದಿರಲ್ಲ. 2008ರ ವಿಂಬಲ್ಡನ್ ಫೈನಲ್‌ನಲ್ಲಿ ನಡಾಲ್ ಫೆಡರರ್ ಎದುರು ಎರಡು ಸೆಟ್ ಮುಂದಿದ್ದರು. ನಾಲ್ಕನೇ ಸೆಟ್ ಟೈಬ್ರೇಕ್‌ನಲ್ಲಿ 5-2 ಇದ್ದಾಗ ಡಬಲ್ ಫಾಲ್ಟ್ ಮಾಡಿದರು. ಆಮೇಲೆ ಎರಡು ಮ್ಯಾಚ್ ಪಾಯಿಂಟೂ ಹೋದವು. ಸೆಟ್ ಸೋತು ಕೂತರು, ಎದ್ದು ಬಂದು ಐದನೆಯದನ್ನು 9-7ರಲ್ಲಿ ಗೆದ್ದರು.

ಹತ್ತು ಸಲದಲ್ಲಿ ಎಷ್ಟು ಗೆದ್ದಿರಿ, ಯಾವ ಹೊಡೆತದಿಂದ ಮುಗಿಸಿದಿರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಎರಡು ತಿಂಗಳು ಬಿಟ್ಟು ಆ ಚೀಟಿಯಲ್ಲಿರುವುದನ್ನು ನನಗೆ ಕಳಿಸಿ. ನಿಮ್ಮ ಸ್ನೇಹಿತರ ರಿಟರ್ನ್ ಬಗ್ಗೆಯೂ ಎರಡು ಸಾಲು ಬರೆಯಿರಿ, ಮುಂದೆ ಯಾವ ಹೊಡೆತ ಕಲಿಯಬೇಕು ಅಂತ ಆಗ ಸರಿಯಾಗಿ ಹೇಳಬಹುದು.